ಹೆಬ್ಬೆರಳಿನ ಗೆರೆ

12 ನವೆಂಬರ್ 2024, ಮಂಗಳವಾರ

ಕ್ಯಾಮೆರಾದ ನಾಲ್ಕೂ ಬ್ಯಾಟರಿ ಚಾರ್ಜಿಗೆ ಹಾಕಿದ್ದಾಯಿತು. ಕಾರ್ಡ್ ಖಾಲಿ ಮಾಡಿದ್ದಾಯಿತು. ಬೆಳಿಗ್ಗೆ ಗುಬ್ಬಿಯಲ್ಲಿ ಸ್ಟುಡಿಯೋ ಷಟರ್ ಎತ್ತುವಾಗಲೇ ಕೊರಿಯರ್‌ನವನು ಕಾಯುತ್ತಿದ್ದ. ಎಕ್ಸ್‌ಟೆನ್ಷನ್ ಟ್ಯೂಬ್ ಬಂತು. ಬಳೆಯಂಥ ಮೂರು ತುಂಡು, ಒಂದಕ್ಕೊಂದು ತಿರುಪಿ ಕೂರಿಸುವುದು. ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕಿದರೆ ಹತ್ತಿರದ ವಸ್ತು ದೊಡ್ಡದಾಗಿ ಸಿಗುತ್ತದೆ. ಇದೇ ಕೆಲಸ ಮಾಡುವ ಮ್ಯಾಕ್ರೋ ಲೆನ್ಸಿನ ಬೆಲೆಗೆ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ. ಇದು ಎರಡು ಬಿರಿಯಾನಿ ಪಾರ್ಸೆಲ್‌ನಷ್ಟು.

ಷಡಕ್ಷರಿ ಒಂದು ತುಂಡು ಕಣ್ಣಿಗೆ ಹಿಡಿದು ನೋಡಿದ. ಮದುವೆಗಳಲ್ಲಿ ವಿಡಿಯೋ ಅವನದು, ಫೋಟೋ ನನ್ನದು — ಹನ್ನೊಂದು ವರ್ಷದಿಂದ.

"ಏನ್ ಭಾಯ್ ಇದು, ಒಳಗೆ ಗ್ಲಾಸೇ ಇಲ್ಲ! ಟೊಳ್ಳು ಪೈಪ್ ಮಾರವ್ನೆ ನಿಂಗೆ."

"ಟೊಳ್ಳಿರೋದೇ ಕೆಲ್ಸ ಮಾಡೋದು ಕಣೋ."

ನಾಲ್ಕಕ್ಕೇ ತುಮಕೂರಿನ ಶೆಟ್ಟಿಹಳ್ಳಿಗೆ, ಮನೆಗೆ. ಕಿಟಕಿಯ ಬೆಳಕಿನಲ್ಲಿ ಪ್ರಯೋಗ. ಈ ಅಗ್ಗದ ಟ್ಯೂಬಿನಲ್ಲಿ ಕರೆಂಟ್ ಹಾಯುವ ಪಿನ್ ಇಲ್ಲ, ಅಪರ್ಚರ್, ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಕ್ಯಾಮೆರಾದ ಮಾತು ಕೇಳುವುದಿಲ್ಲ. ಮೊದಲೇ ಎಫ್ ಹನ್ನೊಂದಕ್ಕೆ ಇಟ್ಟು, ಪ್ರಿವ್ಯೂ ಬಟನ್ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿದರೆ ಅಲ್ಲೇ ನಿಲ್ಲುತ್ತದೆ. ಮೂರನೇ ಸಲಕ್ಕೆ ಸರಿಯಾಯಿತು. ಫೋಕಸ್ ರಿಂಗ್ ತಿರುಗಿಸಿ ಲಾಭವಿಲ್ಲ, ಮೈಯನ್ನೇ ಮುಂದೆ ಹಿಂದೆ ತೂಗಬೇಕು. ಕೂದಲೆಳೆಯಷ್ಟು ಮಾತ್ರ ಶಾರ್ಪ್, ಉಳಿದದ್ದೆಲ್ಲ ಮಂಜು.

ರಾಗಿ ಕಾಳು ತೆಗೆದೆ. ಮಗಳು ಇರಮ್‌ಳ ಪೆನ್ಸಿಲ್ ಮೊನೆ ತೆಗೆದೆ. ಆಮೇಲೆ ಹೆಂಡತಿ ಫಾಯಿಜಾಳನ್ನು ಕರೆದೆ. ಬ್ಲೌಸಿಗೆ ಆರಿ ವರ್ಕ್, ಕೊಕ್ಕೆಸೂಜಿಯ ಕಸೂತಿ, ಮಾಡುತ್ತ ಕೂತಿದ್ದಳು, ಗೊಣಗುತ್ತ ಎದ್ದು ಬಂದಳು. ಅವಳ ಉಂಗುರವನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿಸಿ ಮೂವತ್ತು ಕ್ಲಿಕ್. ಒಂದು ಅದ್ಭುತವಾಗಿ ಬಂತು. ಚಿನ್ನದ ಮೇಲಿನ ಗೀರು ಕೂಡ ಎಣಿಸಬಹುದು.

ಹೆಬ್ಬೆರಳ ಉಗುರಿನಲ್ಲಿ ಉದ್ದಕ್ಕೂ ಒಂದು ಕಂದು ಗೆರೆ. ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ. ದಾರದ ಬಣ್ಣ ಇರಬೇಕು. ಫೋಟೋಶಾಪಿನಲ್ಲಿ ಅಳಿಸಿದೆ, ಎರಡು ಸೆಕೆಂಡ್. ಸ್ಟೇಟಸ್‌ಗೆ ಹಾಕಿದೆ.

25 ನವೆಂಬರ್, ಸೋಮವಾರ

ನಿನ್ನೆ ಚೇಳೂರು ಮದುವೆ. ಬೆಟ್ಟಸ್ವಾಮಿಯವರ ಮಗಳದು. ಸ್ಟೇಟಸ್ ನೋಡಿಯೇ ಬುಕ್ ಮಾಡಿದ್ದಂತೆ. ಉಂಗುರ, ತಾಳಿಯ ಗುಂಡು, ಅಕ್ಷತೆಯ ಒಂದು ಕಾಳು, ಹುಡುಗಿಯ ರೆಪ್ಪೆಯ ಮೇಲಿನ ನೀರು. ಉಸಿರು ಬಿಗಿ ಹಿಡಿದು ಹಿಡಿದು ತಲೆ ಸುತ್ತಿತು. ಲೆನ್ಸಿನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ. ಬೆಳಕು ತಿರುಗಿಸಲು ಷಡಕ್ಷರಿ ಪಕ್ಕದಲ್ಲಿ ಥರ್ಮಾಕೋಲ್ ಹಿಡಿದು ನಿಂತ.

ಬೆಟ್ಟಸ್ವಾಮಿ ಕ್ಯಾಮೆರಾದ ಹಿಂದೆ ಇಣುಕಿ, "ನಮ್ ಕಣ್ಗೇ ಕಾಣ್ದಿದ್ದು ಅದಕ್ಕೆ ಕಾಣ್ತದಲ್ಲಾ ಸಾಬ್ರೇ" ಎಂದರು. ಹೆಮ್ಮೆಯಾಯಿತು. ಹೌದು, ಆಯಿತು. ಬರೆದಿಡುತ್ತೇನೆ.

19 ಜನವರಿ 2025, ಭಾನುವಾರ

ಸೀಜನ್ ಜೋರು, ಡೈರಿ ಬರೆದು ತಿಂಗಳ ಮೇಲಾಯಿತು.

ಫಾಯಿಜಾ ತಾನಾಗಿಯೇ ಕೇಳಿದಳು, "ನನ್ನ ವರ್ಕೂ ಹಂಗೆ ದೊಡ್ಡದಾಗಿ ತೆಗೆದುಕೊಡಿ. ಕಸ್ಟಮರ್ಸ್‌ಗೆ ಕಳಿಸ್ತೀನಿ." ಫ್ರೇಮಿಗೆ ಬಿಗಿದ ಹಸಿರು ರೇಷ್ಮೆ, ಅದರ ಮೇಲೆ ಜರಿಯ ನವಿಲು. ಸೂಜಿ ಹಿಡಿದ ಬಲಗೈ ಸಮೇತ ತೆಗೆದೆ. ಒಂದೊಂದು ಹೊಲಿಗೆಯೂ ಸರಪಳಿಯ ಕೊಂಡಿ. ಹದಿನಾರು ವರ್ಷ ಜೊತೆಗಿದ್ದೂ ಈ ಕೈಕೆಲಸ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಹೆಬ್ಬೆರಳಿನ ಗೆರೆ ಇನ್ನೂ ಇತ್ತು. ದಪ್ಪ ಆದ ಹಾಗೆ.

"ಇದೇನು?"

"ಸೂಜಿ ಚುಚ್ಚಿ ರಕ್ತ ಕಟ್ಟಿದೆ ಅನ್ಸುತ್ತೆ. ಮೆಡಿಕಲ್ ಶಾಪಲ್ಲಿ ಫಂಗಸ್ ಅಂದ್ರು, ಮುಲಾಮು ಹಚ್ತಾ ಇದೀನಿ. ಅದನ್ನ ಅಳಿಸಿಬಿಡಿ, ಕೈ ಗಲೀಜಾಗಿ ಕಾಣುತ್ತೆ."

ಅಳಿಸಿದೆ. ಹದಿನಾಲ್ಕು ಫೋಟೋ. ಮಧ್ಯಾಹ್ನದೊಳಗೆ ಆರು ಹೊಸ ಆರ್ಡರ್ ಬಂದವು ಅವಳಿಗೆ. ಕುಣಿಗಲ್‌ನಲ್ಲಿರುವ ತಾಯಿಗೆ ಫೋನ್ ಮಾಡಿ ಹೇಳಿಕೊಂಡು ನಕ್ಕಳು.

6 ಮಾರ್ಚ್, ಗುರುವಾರ

ರಂಜಾನಿನ ಐದನೇ ರೋಜಾ. ಇಫ್ತಾರಿಗೆ ಕೂತಿದ್ದೆವು. ಫಾಯಿಜಾ ಖರ್ಜೂರ ಬಿಡಿಸಿ ಇರಮ್ ಕೈಗೆ ಕೊಟ್ಟಳು. ಟ್ಯೂಬ್‌ಲೈಟ್ ನೇರ ಅವಳ ಹೆಬ್ಬೆರಳ ಮೇಲೆ. ಉಗುರು ಅರ್ಧಕ್ಕರ್ಧ ಕಪ್ಪು. ಬುಡದ ಚರ್ಮಕ್ಕೂ ಕಪ್ಪು ಹತ್ತಿದೆ, ಶಾಯಿ ಇಂಗಿದಂತೆ.

ಲೋಟ ಕೆಳಗಿಟ್ಟೆ.

ನಮಾಜಾದ ಮೇಲೆ "ಹಂಗೇ ಕೈ ಹಿಡಿ" ಎಂದು ಟ್ಯೂಬ್ ಹಾಕಿ ತೆಗೆದೆ. ಕಂಪ್ಯೂಟರಿನಲ್ಲಿ ಹಳೆಯದನ್ನು ಹುಡುಕಿದೆ. ಎಡಿಟ್ ಮಾಡಿದ್ದು ಬೇರೆ ಫೋಲ್ಡರ್, ಮೂಲ ರಾ ಫೈಲ್ ಬೇರೆ. ರಾ ಫೈಲ್ ನಾನು ಎಂದೂ ಅಳಿಸುವುದಿಲ್ಲ. ಮೂರನ್ನೂ ಪಕ್ಕ ಪಕ್ಕ ಇಟ್ಟೆ. ಉಗುರಿನ ಅಗಲವನ್ನು ಹತ್ತು ಪಾಲು ಮಾಡಿದರೆ — ನವೆಂಬರಿನಲ್ಲಿ ಗೆರೆ ಒಂದು ಪಾಲಿಗೂ ಕಡಿಮೆ. ಜನವರಿಯಲ್ಲಿ ಎರಡು. ಇವತ್ತು ಐದು. ಅಂಚು ನೆಟ್ಟಗಿಲ್ಲ. ಒಂದು ಕಡೆ ಕಂದು, ಒಂದು ಕಡೆ ಕಡುಕಪ್ಪು.

ಅವಳಿಗೆ ಇವತ್ತಿನದು ಮಾತ್ರ ತೋರಿಸಿದೆ.

"ಈದ್ ಆಗ್ಲಿ, ತೋರಿಸೋಣ. ಹನ್ನೆರಡು ಬ್ಲೌಸ್ ಬಾಕಿ ಇದೆ."

"ನಾಳಿದ್ದೇ ಹೋಗೋದು."

ನನ್ನ ದನಿ ಕೇಳಿ ಎದ್ದು ಬ್ಲೌಸ್‌ಗಳನ್ನು ಮಡಿಸಿಡತೊಡಗಿದಳು.

8 ಮಾರ್ಚ್, ಶನಿವಾರ

ತುಮಕೂರಿನಲ್ಲೇ ಚರ್ಮದ ಡಾಕ್ಟರ್, ಹೆಂಗಸು. ಲೈಟಿರುವ ಭೂತಗನ್ನಡಿ ಇಟ್ಟು ತುಂಬ ಹೊತ್ತು ನೋಡಿದರು. ಮುಖ ಬದಲಾಗಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ಯಾವಾಗಿಂದ ಇದೆ?"

"ಒಂದೆರಡು ತಿಂಗಳು ಮೇಡಂ" ಎಂದಳು ಫಾಯಿಜಾ.

"ಕೆಲವರಿಗೆ ಇಂಥ ಗೆರೆ ಹುಟ್ಟಿನಿಂದ ಇರುತ್ತೆ, ಏನೂ ಆಗಲ್ಲ. ಎಷ್ಟು ಬೇಗ ಬೆಳೀತು ಅನ್ನೋದೇ ಮುಖ್ಯ. ಹಳೇ ಫೋಟೋ ಏನಾದ್ರೂ ಇದ್ಯಾ? ಕೈ ಕಾಣೋ ಹಂಗೆ?"

ಫಾಯಿಜಾ ನಕ್ಕಳು. "ಹೆಬ್ಬೆರಳ ಫೋಟೋ ಯಾರ್ ತೆಗೀತಾರೆ ಮೇಡಂ!" ಜನವರಿಯದು ಅವಳ ನೆನಪಿಗೇ ಬರಲಿಲ್ಲ. ಅವಳ ಫೋನಿನಲ್ಲಿರುವುದರಲ್ಲೆಲ್ಲ ಉಗುರು ಶುದ್ಧವಾಗಿದೆಯಲ್ಲ.

"ನೋಡ್ತೀನಿ ಮೇಡಂ" ಎಂದಷ್ಟೇ ಹೇಳಿ ಎದ್ದೆ.

10 ಮಾರ್ಚ್, ಸೋಮವಾರ

ಒಬ್ಬನೇ ಹೋದೆ, ಪೆನ್‌ಡ್ರೈವ್ ಹಿಡಿದು. ಡಾಕ್ಟರಮ್ಮ ಮೂರೂ ತಿಂಗಳದನ್ನು ನೋಡಿದರು. ಗಡಿಬಿಡಿಯಲ್ಲಿ ಎಡಿಟ್ ಆದದ್ದೂ ಕಾಪಿಯಾಗಿತ್ತು.

"ಇದೂ ನವೆಂಬರ್ ಹನ್ನೆರಡೇ ತೋರಿಸ್ತಿದೆ. ಇದರಲ್ಲಿ ಗೆರೆ ಇಲ್ವಲ್ಲ?"

"ಅದು... ನಾನು ಅಳಿಸಿದ್ದು ಮೇಡಂ. ಚೆನ್ನಾಗಿ ಕಾಣ್ಲಿ ಅಂತ."

ಬಯ್ಯಬಹುದಿತ್ತು. ಬಯ್ಯಲಿಲ್ಲ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

"ಅಳಿಸದೇ ಇರೋದೂ ಇಟ್ಟಿದೀರಲ್ಲ, ಅಷ್ಟು ಸಾಕು. ನಾಲ್ಕು ತಿಂಗಳಲ್ಲಿ ಇಷ್ಟು ಅಂದ್ರೆ ಕಾಯೋ ಹಾಗಿಲ್ಲ. ಬೆಂಗಳೂರಿಗೆ ಬರೆದುಕೊಡ್ತೀನಿ, ಬಯಾಪ್ಸಿ ಆಗ್ಬೇಕು." ಸ್ವಲ್ಪ ತಡೆದು, "ಅವರಿಗೆ ಹೇಳಿದೀರಾ?"

ಇಲ್ಲ ಎಂದು ತಲೆಯಾಡಿಸಿದೆ.

17 ಮಾರ್ಚ್, ಸೋಮವಾರ

ಬೆಂಗಳೂರು. ಬಯಾಪ್ಸಿ ಆಯಿತು. ಉಗುರಿನ ಬುಡದಿಂದ ಅಕ್ಕಿನುಚ್ಚಿನಷ್ಟು ತೆಗೆದರು. ಬಸ್ಸಿನಲ್ಲಿ ಬರುವಾಗ ಬ್ಯಾಂಡೇಜ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬ್ಲೌಸ್‌ಗಳದೇ ಮಾತು. ಎಡಗೈಯಲ್ಲಿ ಫೋನ್ ಹಿಡಿದು ಒಬ್ಬೊಬ್ಬರಿಗೂ "ನಾಲ್ಕು ದಿನ ಲೇಟಾಗುತ್ತೆ ಅಕ್ಕ" ಎಂದು ವಾಯ್ಸ್ ಮೆಸೇಜ್ ಕಳಿಸಿದಳು. ದಾಬಸಪೇಟೆ ದಾಟಿದ ಮೇಲೆ ನನ್ನ ಭುಜಕ್ಕೆ ಒರಗಿ ನಿದ್ದೆ.

ಹೇಳಬೇಕೆಂದುಕೊಂಡೆ. ನಿದ್ದೆ ಕೆಡಿಸುವುದೇಕೆ ಎಂದು ಬಿಟ್ಟೆ. ನನಗೆ ನೆಪ ಸಿಕ್ಕಿದರೆ ಸಾಕು.

27 ಮಾರ್ಚ್, ಗುರುವಾರ

ರಿಪೋರ್ಟ್ ಬಂತು. ಮೆಲನೋಮಾ. ಚರ್ಮದ ಕ್ಯಾನ್ಸರ್. ಉಗುರಿನಡಿ ಹುಟ್ಟುವುದು ಅಪರೂಪವಂತೆ.

ಸರ್ಜನ್ ನೆಟ್ಟಗೆ ಹೇಳಿದರು. ಹೆಬ್ಬೆರಳ ಮೇಲಿನ ಗಿಣ್ಣಿನವರೆಗೆ ತೆಗೆಯಬೇಕು. ಅಲ್ಲಿಗೂ ಹರಡಿದೆಯಾ ಎಂದು ಕಂಕುಳ ಗಂಟನ್ನೂ ಪರೀಕ್ಷೆ ಮಾಡಬೇಕು. ಈಗಾದರೆ ಬೆರಳಿಗೇ ಮುಗಿಯಬಹುದು, ಬಿಟ್ಟರೆ ಒಳಗೆ ಹರಡುತ್ತದೆ.

ಫಾಯಿಜಾ ಕೇಳಿದ್ದು ಒಂದೇ. "ಸೂಜಿ ಹಿಡೀಬಹುದಾ ಸರ್?"

ಅವರು ಅವಳ ಕೈಯನ್ನು ನೋಡಿದರು, ಮೊದಲ ಸಲ ನೋಡುವ ಹಾಗೆ. "ಕಷ್ಟ ಅಮ್ಮ. ಬೇರೆ ಥರ ಅಭ್ಯಾಸ ಮಾಡ್ಕೋಬೇಕು."

ಮನೆಗೆ ಬಂದು ಕೈಕಾಲು ತೊಳೆದು ಫ್ರೇಮಿನ ಮುಂದೆ ಕೂತಳು. ಬ್ಯಾಂಡೇಜ್ ಬಿಚ್ಚಿ, ಸೂಜಿ ಹಿಡಿದು, ಎಂದಿನಂತೆ.

1 ಏಪ್ರಿಲ್, ಮಂಗಳವಾರ. ಕುಣಿಗಲ್

ನಿನ್ನೆ ಈದ್. ಅತ್ತೆಯ ಮನೆಗೆ ಬಂದಿದ್ದೇವೆ. ಅತ್ತೆ ಬಾನು ಅಮ್ಮಿಗೆ ವಿಷಯ ಗೊತ್ತಾಗಿ ಒಂದೇ ಅಳು. ಬೇರೆ ಡಾಕ್ಟರಿಗೆ ತೋರಿಸೋಣ, ನಾಟಿ ಔಷಧಿ ಮಾಡೋಣ ಎಂದು ಅವರು. ಫಾಯಿಜಾ ಗಟ್ಟಿಯಾಗಿ ಹಿಡಿದುಕೊಂಡಳು — ಆಪರೇಷನ್ ಬೇಡ.

"ನನ್ನ ಅಜ್ಜಿಗೂ ಉಗುರಲ್ಲಿ ಕಪ್ಪು ಗೆರೆ ಇತ್ತು. ಎಂಬತ್ತು ವರ್ಷ ಬದುಕಿದ್ರು. ಆ ಮೇಡಮ್ಮೇ ಹೇಳಿದ್ರಲ್ಲ, ಹುಟ್ಟಿನಿಂದ ಇರುತ್ತೆ ಅಂತ. ನನಗೂ ಇತ್ತೇನೋ, ಯಾರು ನೋಡಿದ್ರು?"

"ಇರ್ಲಿಲ್ಲ ಫಾಯಿಜಾ."

"ನಿಮಗೆ ಹೆಂಗೆ ಗೊತ್ತು?"

ಬೇರೆ ದಾರಿ ಉಳಿಯಲಿಲ್ಲ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದೆ. ಅಮ್ಮಿ ಅಡುಗೆಮನೆಗೆ ಹೋದ ಹೊತ್ತು ನೋಡಿ ಮೂರನ್ನೂ ತೋರಿಸಿದೆ. ನವೆಂಬರ್, ಜನವರಿ, ಮಾರ್ಚ್.

ಮೊದಲು ಬೆರಳನ್ನಷ್ಟೇ ನೋಡಿದಳು. ಆಮೇಲೆ ಕೆಳಗಿನ ತಾರೀಖು ಓದಿದಳು.

"ನವೆಂಬರ್?"

"ಹ್ಞೂ."

"ಟ್ಯೂಬ್ ತಂದ ದಿನದ್ದಾ? ಸ್ಟೇಟಸ್‌ಗೆ ಹಾಕಿದ್ರಲ್ಲ, ಅದರಲ್ಲಿ ಇರ್ಲಿಲ್ಲ ಇದು."

"ಅಳಿಸಿದ್ದೆ."

"ಆಗ್ಲೇ ನೋಡಿದ್ರಾ."

"ದಾರದ ಬಣ್ಣ ಅಂದ್ಕೊಂಡೆ..."

"ನಾನು ಪಕ್ಕದಲ್ಲೇ ಇದ್ನಲ್ಲ. ಒಂದ್ ಮಾತು ಕೇಳ್ಬಹುದಿತ್ತಲ್ಲ, ಇದೇನೇ ಅಂತ."

ಅವಳು ಹೇಳಿದ್ದು ಉರ್ದುವಿನಲ್ಲಿ. ನನಗೆ ಬರೆಯಲು ಬರುವುದು ಕನ್ನಡ ಮಾತ್ರ, ಇಲ್ಲಿ ಬರೆದರೆ ಅಷ್ಟು ಸುಡುವುದಿಲ್ಲ. ಅಲ್ಲಿ ಸುಟ್ಟಿತು.

ಜನವರಿಯಲ್ಲಿ ನೀನೇ ಅಳಿಸು ಅಂದೆಯಲ್ಲ ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲ. ನವೆಂಬರಿನ ಗೆರೆಯನ್ನೂ ನೋಡಿದ್ದವನು ನಾನು ಮಾತ್ರ.

2 ಏಪ್ರಿಲ್

ಒಬ್ಬನೇ ಶೆಟ್ಟಿಹಳ್ಳಿಗೆ ವಾಪಸ್. ಅವಳು, ಇರಮ್ ಅಲ್ಲೇ ಉಳಿದರು. ಬಸ್ ಹತ್ತಿಸಲು ಇರಮ್ ಬಂದಿದ್ದಳು.

"ಅಬ್ಬಾ, ಅಮ್ಮಿಗೆ ಏನಾಗುತ್ತೆ?"

"ಬೆರಳು ಹೋಗುತ್ತೆ ಮಗಾ. ಅಮ್ಮಿ ಇರ್ತಾಳೆ."

ಅವಳು ಒಪ್ಪಿಕೊಂಡರೆ, ಎಂದು ಸೇರಿಸಲಾಗಲಿಲ್ಲ.

6 ಏಪ್ರಿಲ್, ಭಾನುವಾರ

ಬೆಳಿಗ್ಗೆ ಫೋನ್. ಫಾಯಿಜಾ. ಸಲಾಮ್ ಇಲ್ಲ, ಏನಿಲ್ಲ.

"ಆ ಮೂರು ಫೋಟೋ ನನ್ನ ಫೋನಿಗೆ ಕಳಿಸಿ." ಕಳಿಸಿದೆ.

ಮಧ್ಯಾಹ್ನ ಮತ್ತೆ. "ಅಮ್ಮಿಗೂ ತೋರಿಸ್ದೆ. ಡೇಟ್ ತಗೊಳ್ಳಿ. ಹದಿನಾಲ್ಕರ ಮೇಲೆ ಇರ್ಲಿ. ಒಂದ್ ಬ್ಲೌಸ್ ಬಾಕಿ ಇದೆ."

ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎಷ್ಟು ಹೊತ್ತೋ. ಗ್ಯಾಸ್ ಮೇಲಿಟ್ಟ ಹಾಲು ಉಕ್ಕಿ ಒಲೆ ಆರಿತ್ತು.

14 ಏಪ್ರಿಲ್, ಸೋಮವಾರ

ಅವಳು ಬಂದು ಮೂರು ದಿನ. ಕೊನೆಯ ಬ್ಲೌಸ್ ಇವತ್ತು ಮುಗಿಯಿತು. ಕೆಂಪು ರೇಷ್ಮೆ, ತೋಳಿನ ತುಂಬ ಮಲ್ಲಿಗೆ ಮೊಗ್ಗು. ಕೊನೆಯ ಮೊಗ್ಗಿಗೆ ಮುಂಚೆ ಕರೆದಳು. "ಕ್ಯಾಮೆರಾ ತನ್ನಿ. ಆ ಪೈಪೂ ಹಾಕಿ."

ಫ್ರೇಮಿನ ಪಕ್ಕ ಮಂಡಿಯೂರಿದೆ. ಫೋಟೋ ಅಲ್ಲ, ವಿಡಿಯೋ. ಸೂಜಿ ಕೆಳಗಿಳಿಯುತ್ತದೆ, ಅಡಿಯಲ್ಲಿ ಎಡಗೈ ದಾರ ಕೊಡುತ್ತದೆ, ಸೂಜಿಯ ಕೊಕ್ಕೆ ಅದನ್ನು ಮೇಲೆ ತರುತ್ತದೆ. ಹೆಬ್ಬೆರಳು ಸೂಜಿಯನ್ನು ತಿರುಗಿಸುತ್ತದೆ — ಇಷ್ಟು ಸಣ್ಣ ತಿರುವು. ನನ್ನ ಕೈ ನಡುಗಿದರೆ ಇಡೀ ಚಿತ್ರವೇ ಮಂಜಾಗುತ್ತಿತ್ತು. ಉಸಿರನ್ನೂ ಮೆಲ್ಲಗೆ ಬಿಟ್ಟೆ. ನಾಲ್ಕು ನಿಮಿಷ.

"ಬಂತಾ?"

"ಬಂತು."

"ಹೆಂಗಿದ್ಯೋ ಹಂಗೇ ಇರ್ಲಿ."

ದಾರ ಕತ್ತರಿಸಿ ಸೂಜಿಯನ್ನು ಡಬ್ಬಿಗೆ ಹಾಕಿದಳು.

16 ಏಪ್ರಿಲ್, ಬುಧವಾರ. ಬೆಂಗಳೂರು, ಆಸ್ಪತ್ರೆ

ಬೆಳಿಗ್ಗೆ 9.10ಕ್ಕೆ ಒಳಗೆ.

11.40 — ಮುಗಿಯಿತು ಅಂದರು.

ಷಡಕ್ಷರಿ ಬಂದಿದ್ದಾನೆ. ಇವತ್ತಿನ ಮದುವೆಯನ್ನು ಬೇರೆಯವರಿಗೆ ಒಪ್ಪಿಸಿ. ಕ್ಯಾಂಟೀನಿನಿಂದ ಇಡ್ಲಿ ತಂದು ಕೈಗಿಟ್ಟು, "ತಿನ್ನು ಭಾಯ್, ಅಕ್ಕ ಎದ್ದಾಗ ನೀನು ಬಿದ್ದಿರ್ಬಾರ್ದು" ಎಂದ.

3.00 — ಕಣ್ಣು ಬಿಟ್ಟಳು. ಕೈಯನ್ನು ನೋಡಿಕೊಳ್ಳಲಿಲ್ಲ. ಗೋಡೆಯ ಕಡೆ ತಿರುಗಿದಳು.

28 ಏಪ್ರಿಲ್, ಸೋಮವಾರ

ಕಂಕುಳ ಗಂಟು ಕ್ಲಿಯರ್. ಬೆರಳು ಕತ್ತರಿಸಿದ ಅಂಚೂ ಕ್ಲಿಯರ್. ಹರಡಿಲ್ಲ.

ಸರ್ಜನ್ ಅಂದರು, "ಇನ್ನು ಆರು ತಿಂಗಳು ಬಿಟ್ಟಿದ್ರೆ ಈ ಮಾತು ಹೇಳೋಕಾಗ್ತಿರ್ಲಿಲ್ಲ." ಅವಳು ನನ್ನ ಕಡೆ ನೋಡಲಿಲ್ಲ. ನಾನೂ ಲೆಕ್ಕ ಹಾಕಿಕೊಂಡೆ — ನವೆಂಬರಿನಲ್ಲೇ ಬಂದಿದ್ದರೆ ಬೆರಳು ಉಳಿಯುತ್ತಿತ್ತಾ? ಕೇಳಿಯೇಬಿಟ್ಟೆ.

"ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ."

ಹಾಗಾದರೆ ಇದು ನನ್ನ ಜೊತೆಯೇ ಇರುತ್ತದೆ.

25 ಮೇ, ಭಾನುವಾರ

ಮಾತು ಬೇಕಾದಷ್ಟೇ. ಗ್ಯಾಸ್ ಬುಕ್ ಮಾಡಿ. ಇರಮ್ ಫೀಸ್. ನೀರು ಬಂತು. ಬಟನ್ ಹಾಕಿಕೊಳ್ಳಲು, ಬಾಟಲ್ ಮುಚ್ಚಳ ತಿರುಗಿಸಲು ಇರಮ್‌ಳನ್ನು ಕರೆಯುತ್ತಾಳೆ. ನಾನು ಎದುರಿಗೇ ಇದ್ದರೂ.

ಮೊನ್ನೆ ಸ್ಟುಡಿಯೋದಲ್ಲಿ ಚಿಕ್ಕಮಾರಯ್ಯ ಎಂಬ ಅಜ್ಜ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದಿದ್ದರು. ಕೆನ್ನೆಯ ಮೇಲೆ ಒಂದು ಕಪ್ಪು ಗಂಟು. ಕೈ ಅಭ್ಯಾಸದಲ್ಲಿ ಕಲೆ ಅಳಿಸುವ ಬ್ರಷ್ ಟೂಲ್ ಮೇಲೆ ಹೋಯಿತು. ನಿಲ್ಲಿಸಿದೆ.

"ತಾತ, ಇದು ಯಾವಾಗಿಂದ ಐತೆ?"

"ನಿಂಗ್ಯಾಕ್ಲಾ ಅದು? ನಮ್ಮವ್ವ ಹೆತ್ತಾಗಿಂದ ಐತೆ. ಫೋಟೋ ಕೊಡು ಬೇಗ, ಬಸ್ ಹೊಂಟೋಯ್ತದೆ."

ಷಡಕ್ಷರಿ ಹೊರಗೆ ನಿಂತು ನಗುತ್ತಿದ್ದ. ಪ್ರಿಂಟ್ ಹಾಗೇ ಕೊಟ್ಟೆ, ಗಂಟು ಸಮೇತ. ಅಜ್ಜ ಅದನ್ನು ನೋಡಲೂ ಇಲ್ಲ, ಜೇಬಿಗೆ ಹಾಕಿಕೊಂಡು ಓಡಿದರು.

22 ಜೂನ್, ಭಾನುವಾರ

ಅವಳು ಮತ್ತೆ ಫ್ರೇಮ್ ಕಟ್ಟಿದ್ದಾಳೆ. ಹಳೆಯ ಕಾಟನ್ ಬಟ್ಟೆ. ಕೈ ಅದಲು ಬದಲು: ಸೂಜಿ ಎಡಗೈಗೆ, ಅಡಿಯಲ್ಲಿ ದಾರ ಕೊಡುವುದು ಬಲಗೈಗೆ. ಒಂದು ಗಂಟೆಗೆ ಒಂದು ಗೇಣು, ಅದೂ ಸೊಟ್ಟ. ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ. ಎರಡು ಸಲ ಸೂಜಿ ಎಸೆದಳು. ನಾನು ಎತ್ತಿಕೊಡಲು ಬಾಗಿದೆ. "ಬೇಡ" ಎಂದಳು. ತಾನೇ ಎತ್ತಿಕೊಂಡಳು.

ಚೆಕಪ್‌ನಲ್ಲಿ ಹೇಳಿದ್ದಾರೆ: ಮೂರು ತಿಂಗಳಿಗೊಮ್ಮೆ ಬರಬೇಕು, ತಿಂಗಳಿಗೊಮ್ಮೆ ಮನೆಯಲ್ಲೇ ಮೈಯೆಲ್ಲ ನೋಡಬೇಕು — ಬೆನ್ನು, ಅಂಗಾಲು, ತಲೆಯ ಬೈತಲೆ. ಹೊಸ ಮಚ್ಚೆ, ಬಣ್ಣ ಬದಲಾದದ್ದು, ದೊಡ್ಡದಾದದ್ದು. ತನಗೆ ತಾನೇ ನೋಡಿಕೊಳ್ಳಲಾಗದ ಕಡೆ ಬೇರೆಯವರು ನೋಡಬೇಕು. ನಾನು ಮುಂದೆ ಬಂದೆ. ಅವಳು ಕುಣಿಗಲ್‌ಗೆ ಫೋನ್ ಮಾಡಿ ಅಮ್ಮಿಯನ್ನು ಕರೆಸಿಕೊಂಡಳು. ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಗೆ ಕೂತು ಲೆನ್ಸ್ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

13 ಜುಲೈ, ಭಾನುವಾರ. ಸಂಜೆ 4.30

ಅಮ್ಮಿ ಬೆಳಿಗ್ಗೆಯೇ ಬಂದಿದ್ದಾರೆ. ಊಟವಾಯಿತು. ಕನ್ನಡಕ ಒರೆಸಿಕೊಂಡು, "ಬಾ ಬೇಟಿ, ನೋಡಿಬಿಡೋಣ" ಎಂದು ಎದ್ದರು.

ಫಾಯಿಜಾ ಫ್ರೇಮಿನಿಂದ ತಲೆ ಎತ್ತಲಿಲ್ಲ. ಎಡಗೈಯ ಸೂಜಿ ಒಂದು ಎಲೆಯ ಅಂಚು ಮುಗಿಸುತ್ತಿತ್ತು.

"ಬೇಡ ಅಮ್ಮಿ. ನೀವು ಮಲಗಿ. ಅವರು ನೋಡ್ತಾರೆ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಮ್ಮಿ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ನಡುಮನೆಯ ದಿವಾನದ ಮೇಲೆ ಮಲಗಿದರು.

"ಇರಮ್ ಅಬ್ಬಾ."

"ಹ್ಞಾಂ."

"ಕ್ಯಾಮೆರಾ ಬೇಡ. ಕಣ್ಣಲ್ಲೇ ನೋಡಿ ಮೊದ್ಲು. ಏನ್ ಕಂಡ್ರೂ ಹೇಳ್ಬೇಕು. ಎಷ್ಟು ಸಣ್ಣದಾದ್ರೂ."

"ಹೇಳ್ತೀನಿ."

"ನಾನು ಹೆದರ್ಕೋತೀನಿ ಅಂತ ಬಿಡ್ಬಾರ್ದು."

"ಬಿಡಲ್ಲ."

ಒಳಗೆ ಕಿಟಕಿಯ ಪರದೆ ಸರಿಸುತ್ತಿದ್ದಾಳೆ. ಮೋಡ ಕವಿಯುವ ಮುಂಚೆ ನೋಡಬೇಕು. ಅಳತೆಪಟ್ಟಿ ತೆಗೆದುಕೊಂಡೆ. ಪೆನ್ನು ಇದೇ ಸಾಕು. ಬೆನ್ನಿನಿಂದ ಶುರು. ಎಡ ಭುಜದ ಕೆಳಗೆ ಒಂದು ಮಚ್ಚೆ ಇದೆ, ಮದುವೆಯಾದಾಗಿನಿಂದ ಗೊತ್ತು. ಅದರ ಅಳತೆ ಮೊದಲು ಬರೆದಿಟ್ಟು, ಆಮೇಲೆ ಬಲಗಡೆ — ಕರೆಯುತ್ತಿದ್ದಾಳೆ.